ಕಾಣವಲ್ದು

ನಸುಕು ನಾಲ್ಕಕ್ಕೆ ಯಾದಗಿರಿಯಲ್ಲಿ ಇಳಿದೆ.
ಎರಡು ಚೀಲ, ಒಂದು ಬಕೆಟ್ಟು,
ಬಕೆಟ್ಟಿನೊಳಗೆ ದಿಂಬು, ಅಮ್ಮ ತುರುಕಿದ ಹುಣಸೆಹಣ್ಣು,
ಕಾಲೇಜಿನ ಮೊಹರು ಬಿದ್ದ ಕಾಗದ:
ಕಣ್ಣಿನ ಆಸ್ಪತ್ರೆ, ಆರು ತಿಂಗಳು.
ಕೊಳ್ಳೇಗಾಲದವಳನ್ನು ಇಷ್ಟು ದೂರ ಹಾಕಿದ್ದು ಯಾಕೆಂದು
ಯಾರೂ ಹೇಳಲಿಲ್ಲ.
ಪಟ್ಟಿಯಲ್ಲಿ ನನ್ನ ಹೆಸರು ಕೊನೆಗಿತ್ತು, ಅಷ್ಟೆ.

ಖೋಲಿ ಕೊಟ್ಟವರು ಬಂದೇನವಾಜ್ ಚಾಚಾ,
ರೈಲ್ವೆ ಗೇಟು ಹಾಕಿ ತೆಗೆದು, ಹಾಕಿ ತೆಗೆದು ನಿವೃತ್ತರಾದವರು.
ಕಿರಾಯಿ ಎರಡೂವರೆ ಸಾವಿರ, ನಳ ಮೂರು ದಿನಕ್ಕೊಮ್ಮೆ.
"ನೀರು ಬಂದ್ರ ಬಾಗಿಲ ಬಡೀತೀನಿ, ಭಾಂಡಿ ತುಂಬ್ಕೋ."
ಒಬ್ಬಳಿಗೆ ಒಂದು ಬಂಡಿ ನೀರು ಯಾಕೆ
ಅಂತ ನಾನು ಬಾಗಿಲಲ್ಲೇ ನಿಂತೆ.

ಆ ರಾತ್ರಿ ಫ್ಯಾನು ಬಿಸಿಗಾಳಿಯನ್ನೇ ಕಲಕಿತು.
ಚಾಪೆ ಸುತ್ತಿಟ್ಟು ಬರಿಯ ಫರಸಿಗೆ ಬೆನ್ನು ಹಚ್ಚಿದೆ.
ಈ ಊರಲ್ಲಿ ನನಗೆ ಮೊದಲು ಒಗ್ಗಿದ್ದು ಆ ಕಲ್ಲು.

ಆಸ್ಪತ್ರೆಯಲ್ಲಿ ನನ್ನದು ಕತ್ತಲೆ ಕೋಣೆ.
ಬಂದವರ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ
ಗಾಜು ಹಾಕು, ತೆಗೆ,
ಇದು ಚೆನ್ನಾಗಿದೆಯಾ, ಇದಾ?
ಇದಾ, ಮೊದಲಿನದಾ?
"ಎರಡೂ ಅಷ್ಟೇ ಅದ ಬಿಡ್ರಿ" ಎಂದು ಕೆಲವರು
ನನ್ನ ಮೇಲೆ ಕನಿಕರಪಟ್ಟು ಎದ್ದುಬಿಡುತ್ತಿದ್ದರು.

ಅಕ್ಷರ ಬಾರದವರಿಗೆ ಮೂರು ಕಾಲಿನ ಗುರುತಿನ ಫಲಕ.
"ಕಾಲು ಯಾವ ಕಡೆ ಇದೆ, ಹೇಳಿ."
ಮೋನಮ್ಮ ಸೀರೆಯ ಅಂಚು ಸರಿಮಾಡಿಕೊಂಡು
ತನ್ನ ಕಾಲನ್ನೇ ತುಸು ಹಿಂದಕ್ಕೆ ಎಳೆದುಕೊಂಡಳು.
ಕಂಪೌಂಡರ್ ಸಿದ್ರಾಮ ನಕ್ಕು ಬಿಡಿಸಿ ಹೇಳಿದ:
"ಹಣಿಗಿ ಅನ್ರಿ ಮೇಡಂ. ಹಣಿಗಿ ಹಲ್ಲು ಯಾವ ಕಡಿ ಅದ ಅನ್ರಿ."
ಅಂದೆ.
ಮೇಲಿನ ಹಣಿಗೆಗಳನ್ನೆಲ್ಲ ಅವಳು ಸರಿಯಾಗಿ ಹೇಳಿದಳು.
ಕೆಳಗಿನ ಸಾಲಿಗೆ ಬಂದಾಗ:

"ಕಾಣವಲ್ದವ್ವ."
ಏನು?
"ಕಾಣವಲ್ದು."

ವಲ್ದು. ಒಲ್ಲದು.
ನಮ್ಮ ಕಡೆ ಕಾಣಾಕಿಲ್ಲ ಅಂತಾರೆ, ಅಲ್ಲಿಗೆ ಮುಗೀತು,
ಇಲ್ಲ ಅಂದರೆ ಇಲ್ಲ.
ಇಲ್ಲಿ ಅದು ಗೋಡೆಯ ಮೇಲೇ ಇದೆ,
ಎದುರಿಗೇ ಇದೆ,
ಕಾಣಲು ಮಾತ್ರ ಒಪ್ಪುತ್ತಿಲ್ಲ.
ಕರೆದರೆ ಬಾರದ ಕರು. ಇನ್ನೊಂದಿಷ್ಟು ಪುಸಲಾಯಿಸಬೇಕು.

ಲಾಗ್ ಪುಸ್ತಕದಲ್ಲಿ ಹಾಗೇ ಬರೆದೆ.
ಮೇಡಂ ಕೆಂಪು ಗೆರೆ ಎಳೆದು
ಪಕ್ಕದಲ್ಲಿ ಬರೆದರು: ದೃಷ್ಟಿ ಮಂದ.

ಖಾನಾವಳಿಯಲ್ಲಿ ಕಡಕ್ ರೊಟ್ಟಿ ಮುರಿದ ಸದ್ದಿಗೆ
ಎಲ್ಲರೂ ನೋಡಿದರೆಂದು ತಲೆ ತಗ್ಗಿಸಿದೆ.
ಯಾರೂ ನೋಡಿರಲಿಲ್ಲ.
ಕೋಟೆ ಗುಡ್ಡ ಹತ್ತುತ್ತೇನೆಂದು ಒಂದು ಭಾನುವಾರ ಹೊರಟು
ಬುಡದ ಅಂಗಡಿಯಲ್ಲಿ ಸೋಡಾ ಕುಡಿದು ವಾಪಸ್ಸು ಬಂದೆ.
"ಊರು ಹೇಗಿದೆಯೇ?" ಫೋನಿನಲ್ಲಿ ಅಮ್ಮ.
"ಬಿಸಿಲಿದೆ."
ಬೇರೇನು ಹೇಳಬೇಕೋ ಹೊಳೆಯಲಿಲ್ಲ.

ಹದಿನೆಂಟನೆಯ ದಿನ
ಮೋನಮ್ಮ ಕನ್ನಡಕ ಒಯ್ಯಲು ಬಂದಳು.
ಕಿವಿಗೆ ಸಿಕ್ಕಿಸಿ ಕೊಟ್ಟೆ.
ಗೋಡೆ ನೋಡಿದಳು, ಕ್ಯಾಲೆಂಡರು ನೋಡಿದಳು,
ಫ್ಯಾನಿನ ರೆಕ್ಕೆಯ ಧೂಳು ನೋಡಿ "ಥೂ" ಅಂದಳು.
ಆಮೇಲೆ ನನ್ನನ್ನು.

"ಅಯ್ಯ, ಇಷ್ಟು ಸಣ್ಣಾಕಿ ಏನವ್ವ ನೀ!
ದನಿ ಕೇಳಿ ದೊಡ್ಡಾಕಿ ಅಂದ್ಕೊಂಡಿದ್ದೆ.
ಹೊಟ್ಟಿಗಿ ಏನ್ ಉಣ್ತೀ? ಮಾರಿ ಬಾಡ್ಯಾದ."
ಗಲ್ಲ ಹಿಡಿದು ನನ್ನ ಮುಖವನ್ನು
ಕಿಟಕಿಯ ಬೆಳಕಿಗೆ ತಿರುಗಿಸಿದಳು, ಎಡಕ್ಕೆ, ಬಲಕ್ಕೆ,
ನಾನು ಅವಳದನ್ನು ತಿರುಗಿಸಿದ ಹಾಗೆಯೇ.
ಬೆರಳಲ್ಲಿ ಬೆಳ್ಳುಳ್ಳಿಯ ವಾಸನೆ.
ಹೊರಗೆ ಇನ್ನೂ ಹನ್ನೊಂದು ಜನ ಕಾಯುತ್ತಿದ್ದರು.
ಉಣ್ಣುವುದು ಏನೆಂದು ನೆನಪಿಗೇ ಬರಲಿಲ್ಲ.

ರಾತ್ರಿ ಎರಡೂವರೆಗೆ ಬಾಗಿಲು.
ಎರಡನೇ ಬಡಿತಕ್ಕೆ ಮೊದಲೇ ಎದ್ದಿದ್ದೆ.
ಅಂಗಳದಲ್ಲಿ ಚಾಂದಬೀ, ಕೊಡಗಳು, ಭಾಂಡಿಗಳು,
ಗುಡ್ಡದ ಕೋಟೆ ಇದ್ದಲ್ಲೇ ಕಪ್ಪಗೆ.
"ನಿದ್ದಿ ಬರ್ಲತ್ತದೇನ ಈಗರ?"
"ಬರವಲ್ದು" ಅಂದೆ.
ಅವರಿಗೆ ಅದರಲ್ಲಿ ವಿಶೇಷವೇನೂ ಕೇಳಿಸಲಿಲ್ಲ.
ಪೈಪಿನ ತುದಿ ನನ್ನ ಕಡೆ ಕೊಟ್ಟರು.
ಬಕೆಟ್ಟಿನ ತಳಕ್ಕೆ ಅಂಟಿದ ಹುಣಸೆಯ ನಾರು
ನೀರು ಬಿದ್ದರೂ ಏಳುತ್ತಿರಲಿಲ್ಲ.